ಎರಡು ಕೋಟಿ ಓಟಿನ ಸೊನ್ನೆ

“ಈ ಪಾರ್ಟಿಯವರ ಸಹವಾಸವೇ ಬೇಡ. ಹೊರಗಿನವನೊಬ್ಬ ಬರಬೇಕು ಕಣ್ರೀ, ಆಗ ನೋಡಿ ಎಲ್ಲ ಹೆಂಗೆ ಸರಿಹೋಗುತ್ತೆ!”

ಅಮೆರಿಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆಯ ಕಾವು ಏರಿದಾಗಲೆಲ್ಲ ಬೆಂಗಳೂರಿನ ಟೆಕ್ ಪಾರ್ಕುಗಳ ಕ್ಯಾಂಟೀನಿನಲ್ಲಿ ಈ ಮಾತು ತಪ್ಪದೆ ಕೇಳಿಬರುತ್ತೆ. ನಮ್ಮ ಕ್ಲೈಂಟುಗಳು ಅಲ್ಲಿಯವರು. ನಾವು ಕಾಯ್ತಾ ಕೂತಿರೋ ವೀಸಾ ಅಲ್ಲಿಯದು. ನಮ್ಮ ಅಕ್ಕ-ಭಾವಂದಿರು, ಚಿಕ್ಕಪ್ಪನ ಮಕ್ಕಳು ಈಗ ಅಲ್ಲಿ ಓಟು ಹಾಕುವವರು. ಹಾಗಾಗಿ ಅಲ್ಲಿನ ಕುರ್ಚಿಯಲ್ಲಿ ಯಾರು ಕೂರ್ತಾರೆ ಅನ್ನೋದು ನಮಗೇನೂ ದೂರದ ಸುದ್ದಿಯಲ್ಲ. ಆದರೆ ಆ ಕುರ್ಚಿಯಲ್ಲಿ ಈಗಾಗಲೇ ಕೂತಿರುವವನನ್ನು ಎಬ್ಬಿಸೋದು ಹೇಗೆ ಅನ್ನುವ ವಿಷಯಕ್ಕೆ ಬಂದಾಗ, ದಿನವಿಡೀ ಲಾಜಿಕ್ ಬರೆದು ಸಂಬಳ ತಗೊಳ್ಳೋ ನಾವೇ ಲಾಜಿಕ್ಕನ್ನು ಮನೆಯಲ್ಲಿ ಬಿಟ್ಟು ಬರ್ತೀವಿ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಹೊರಗಿನವನು ಹೊರಗೇ ನಿಂತುಕೊಂಡು ಹಾಲಿ ಅಧ್ಯಕ್ಷನನ್ನು ಇಳಿಸಲಾರ. ಹಾಗೆ ಇಳಿಸಿದವರು ಅಂತ ನಾವು ಕೊಂಡಾಡುವವರೆಲ್ಲ ಒಂದೋ ಒಳಗಿನ ಬಾಗಿಲಿನಿಂದಲೇ ನುಗ್ಗಿದವರು, ಇಲ್ಲಾ ಓಟು ಎಣಿಸುವ ನಿಯಮ ಅವರಿಗೆ ಜಾಗ ಬಿಟ್ಟುಕೊಟ್ಟಿದ್ದ ದೇಶದವರು. ಇದನ್ನು ಲೆಕ್ಕಕ್ಕೇ ತಗೊಳ್ಳದೆ “ಒಬ್ಬ ಒಳ್ಳೆಯವ ಬಂದರೆ ಸಾಕು” ಅಂತ ಕಾಯುತ್ತಾ ಕೂರೋದು ರಾಜಕೀಯ ಪ್ರಜ್ಞೆ ಅಲ್ಲ, ಶುದ್ಧ ಸೋಮಾರಿತನ.

ಉದಾಹರಣೆಗೆ ನಮ್ಮ ದಂಧೆಯವನನ್ನೇ ತಗೊಳ್ಳೋಣ. ರಾಸ್ ಪೆರೋ ಅನ್ನೋ ಹೆಸರು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಐಬಿಎಂನಲ್ಲಿ ಕಂಪ್ಯೂಟರ್ ಮಾರ್ತಿದ್ದವನು ಆತ. 1962ರಲ್ಲಿ ಡಲ್ಲಾಸಿನಲ್ಲಿ ಇಡಿಎಸ್ ಅನ್ನೋ ಕಂಪನಿ ಶುರುಮಾಡಿದ. ಅವನಿಗೆ ಹೊಳೆದದ್ದು ಇಷ್ಟೇ: ಕಂಪನಿಗಳಿಗೆ ಬೇಕಿರೋದು ಯಂತ್ರ ಅಲ್ಲ, ಯಂತ್ರದಿಂದ ಆಗುವ ಕೆಲಸ. ಆ ಕೆಲಸವನ್ನು ನಾವೇ ಮಾಡಿಕೊಡ್ತೀವಿ, ನೀವು ಒಪ್ಪಂದದ ಪ್ರಕಾರ ದುಡ್ಡು ಕೊಡಿ. ಇವತ್ತು ನಮಗೆಲ್ಲ ಅನ್ನ ಹಾಕ್ತಿರೋ ಔಟ್‌ಸೋರ್ಸಿಂಗ್ ಅನ್ನುವ ಕಸುಬಿನ ಹಿರಿತಲೆಗಳಲ್ಲಿ ಆತ ಒಬ್ಬ. 1984ರಲ್ಲಿ ಇಡಿಎಸ್ಸನ್ನು ಜನರಲ್ ಮೋಟರ್ಸಿಗೆ ಮಾರಿದ, 1988ರಲ್ಲಿ ಪೆರೋ ಸಿಸ್ಟಮ್ಸ್ ಅಂತ ಇನ್ನೊಂದನ್ನು ಕಟ್ಟಿದ. ಅದೇ ಇಡಿಎಸ್ 2006ರಲ್ಲಿ ನಮ್ಮ ಬೆಂಗಳೂರಿನ ಎಂಫಸಿಸ್‌ನಲ್ಲಿ ದೊಡ್ಡ ಪಾಲು ಕೊಂಡುಕೊಂಡಿತು. ಪೆರೋ ಸಿಸ್ಟಮ್ಸನ್ನು 2009ರಲ್ಲಿ ಡೆಲ್ ನುಂಗಿತು. ನಿಮ್ಮ ಪಕ್ಕದ ಡೆಸ್ಕಿನ ಹಿರಿಯರೊಬ್ಬರ ರೆಸ್ಯೂಮೆಯಲ್ಲಿ ಈ ಎರಡರಲ್ಲಿ ಒಂದು ಹೆಸರು ಇದ್ದರೂ ಇರಬಹುದು.

ಇಂಥ ಪೆರೋ 1992ರ ಫೆಬ್ರವರಿ 20ರಂದು ಲ್ಯಾರಿ ಕಿಂಗ್ ಅವರ ಟಿವಿ ಕಾರ್ಯಕ್ರಮದಲ್ಲಿ ಕೂತು, ಜನರೇ ಐವತ್ತೂ ರಾಜ್ಯಗಳಲ್ಲಿ ನನ್ನ ಹೆಸರನ್ನು ಬ್ಯಾಲೆಟ್ಟಿಗೆ ಏರಿಸಿದರೆ ಅಧ್ಯಕ್ಷ ಸ್ಥಾನಕ್ಕೆ ನಿಲ್ತೀನಿ ಅಂದ. ಆಗ ಕುರ್ಚಿಯಲ್ಲಿದ್ದವನು ಜಾರ್ಜ್ ಬುಷ್, ಅಂದ್ರೆ ಅಪ್ಪ ಬುಷ್. ಜನ ನಿಜಕ್ಕೂ ಬೀದಿಗಿಳಿದರು. ಮಾಲುಗಳ ಮುಂದೆ ಟೇಬಲ್ ಹಾಕಿಕೊಂಡು ಸಹಿ ಸಂಗ್ರಹ ಮಾಡಿದರು. ಐವತ್ತೂ ರಾಜ್ಯಗಳಲ್ಲಿ ಅವನ ಹೆಸರು ಬ್ಯಾಲೆಟ್ ಮೇಲೆ ಬಂತು. ಜೂನಿನಲ್ಲಿ ಗ್ಯಾಲಪ್ ಸಮೀಕ್ಷೆ ಹೇಳಿದ್ದು ಕೇಳಿ: ಪೆರೋ ಶೇ. 39, ಬುಷ್ ಶೇ. 31, ಕ್ಲಿಂಟನ್ ಶೇ. 25. ಪಕ್ಷ ಇಲ್ಲ, ಶಾಸಕರಿಲ್ಲ, ಗವರ್ನರುಗಳಿಲ್ಲ. ಆದರೂ ಮೊದಲ ಸ್ಥಾನ.

ಮುಂದೇನಾಯ್ತು? ಜುಲೈ 16ರಂದು ಕಣದಿಂದ ಹಿಂದೆ ಸರಿದ. ಮಗಳ ಮದುವೆ ಹಾಳುಮಾಡಲು ರಿಪಬ್ಲಿಕನ್ನರು ಸಂಚು ಹೂಡಿದ್ದರು ಅಂತ ಆಮೇಲೆ ಒಂದು ಕಾರಣ ಕೊಟ್ಟ. ಅದಕ್ಕೆ ಪುರಾವೆ ಕೊಡಲಿಲ್ಲ. ಅಕ್ಟೋಬರ್ 1ಕ್ಕೆ ಮತ್ತೆ ಕಣಕ್ಕೆ ಬಂದ. ಅರ್ಧ ಗಂಟೆಯ ಟಿವಿ ಸ್ಲಾಟುಗಳನ್ನು ಸ್ವಂತ ದುಡ್ಡಲ್ಲಿ ಕೊಂಡು, ಕೈಯಲ್ಲೊಂದು ಕಡ್ಡಿ ಹಿಡಿದು, ದೇಶದ ಸಾಲದ ಚಾರ್ಟುಗಳನ್ನು ಜನರಿಗೆ ಪಾಠ ಮಾಡಿದ. ನಮ್ಮ ಕಾಲದ ಪವರ್‌ಪಾಯಿಂಟ್ ಪ್ರೆಸೆಂಟೇಶನ್ ಇದ್ದ ಹಾಗೆ, ಹಲಗೆಯ ಮೇಲೆ. ಜನ ಅದನ್ನು ಕೂತು ನೋಡಿದರು ಅನ್ನೋದೇ ಆಶ್ಚರ್ಯ. ಮೂರು ಡಿಬೇಟುಗಳಲ್ಲೂ ಬುಷ್, ಕ್ಲಿಂಟನ್ ಪಕ್ಕದಲ್ಲಿ ಸರಿಸಮನಾಗಿ ನಿಂತು ಮಾತಾಡಿದ.

ನವೆಂಬರಿನಲ್ಲಿ ಪೆಟ್ಟಿಗೆ ತೆರೆದಾಗ ಅವನಿಗೆ ಬಿದ್ದಿದ್ದು ಸುಮಾರು 1 ಕೋಟಿ 97 ಲಕ್ಷ ಓಟು. ಶೇ. 18.9. ಐದು ಜನರಲ್ಲಿ ಹತ್ತಿರಹತ್ತಿರ ಒಬ್ಬ. ಅಧ್ಯಕ್ಷನನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಅವನಿಗೆ ಸಿಕ್ಕಿದ್ದು ಸೊನ್ನೆ. ಕ್ಲಿಂಟನ್‌ಗೆ 370, ಬುಷ್‌ಗೆ 168, ಪೆರೋಗೆ ಸೊನ್ನೆ.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಎರಡು ಕೋಟಿ ಓಟು ಸೊನ್ನೆ ಆಗೋದು ಹೇಗೆ? ಅಮೆರಿಕದಲ್ಲಿ ಜನ ಅಧ್ಯಕ್ಷನನ್ನು ನೇರವಾಗಿ ಆರಿಸಲ್ಲ. ಒಂದೊಂದು ರಾಜ್ಯಕ್ಕೆ ಇಂತಿಷ್ಟು ಎಲೆಕ್ಟೋರಲ್ ಓಟು, ಒಟ್ಟು 538. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದೆಲ್ಲ ರಾಜ್ಯಗಳಲ್ಲಿ ಯಾರು ಒಂದು ಓಟಿನಿಂದಾದರೂ ಮುಂದಿದ್ದಾನೋ ಅವನಿಗೇ ಆ ರಾಜ್ಯದ ಪೂರ್ತಿ ಗಂಟು. ಎರಡನೆಯವನಿಗೆ ಏನೂ ಇಲ್ಲ. ಪೆರೋ ಮೇನ್ ಮತ್ತು ಯೂಟಾದಲ್ಲಿ ಎರಡನೇ ಸ್ಥಾನಕ್ಕೆ ಬಂದ. ಉಳಿದ ಕಡೆ ಮೂರನೇ ಸ್ಥಾನ. ದೇಶದ ತುಂಬ ಸಮನಾಗಿ ಹರಡಿಕೊಂಡ ಶೇ. 18.9, ಯಾವ ಮೂಲೆಯಲ್ಲೂ ಗೆಲುವಿನ ಮಟ್ಟಕ್ಕೆ ತುಂಬಲಿಲ್ಲ. ಹೊಲದ ತುಂಬ ಚೆಲ್ಲಿದ ನೀರು ಕಟ್ಟೆ ಕಟ್ಟದಿದ್ದರೆ ಯಾವ ಪಾತಿಗೂ ನಿಲ್ಲಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ 1968ರದ್ದು. ಜಾರ್ಜ್ ವಾಲೆಸ್ ಅನ್ನುವ ಅಲಬಾಮಾದ ಮಾಜಿ ಗವರ್ನರ್ ಮೂರನೇ ಪಕ್ಷದಿಂದ ನಿಂತಿದ್ದ. ಕರಿಯರನ್ನು ಪ್ರತ್ಯೇಕವಾಗಿಯೇ ಇಡಬೇಕು ಅನ್ನುವ ಹೇಸಿಗೆ ರಾಜಕೀಯದವನು. ಅವನಿಗೆ ಬಂದದ್ದು ಶೇ. 13.5, ಪೆರೋಗೆ ಬಂದ ಓಟುಗಳಲ್ಲಿ ಹೆಚ್ಚುಕಡಿಮೆ ಅರ್ಧ. ಆದರೆ ದಕ್ಷಿಣದ ಐದು ರಾಜ್ಯಗಳು ಅವನ ಕಡೆ ನಿಂತವು, ಒಟ್ಟು 46 ಎಲೆಕ್ಟೋರಲ್ ಓಟು ಸಿಕ್ಕಿತು. ಅರ್ಧ ಓಟಿಗೆ 46, ಪೂರ್ತಿ ಓಟಿಗೆ ಸೊನ್ನೆ. ಒಳ್ಳೆಯವನು ಕೆಟ್ಟವನು ಅನ್ನೋದು ಆ ಪ್ರೋಗ್ರಾಮಿಗೆ ಗೊತ್ತಾಗಲ್ಲ ಸ್ವಾಮಿ. ಇನ್‌ಪುಟ್ ಯಾವ ಫಾರ್ಮ್ಯಾಟಿನಲ್ಲಿ ಕೊಟ್ಟಿರಿ ಅನ್ನೋದಷ್ಟೇ ಅದಕ್ಕೆ ಮುಖ್ಯ. ಒಂದು ವೇಳೆ ಪೆರೋ ಕೆಲವು ರಾಜ್ಯ ಗೆದ್ದು ಯಾರಿಗೂ 270 ದಾಟದಂತೆ ಮಾಡಿದ್ದರೂ ತೀರ್ಮಾನ ಹೋಗ್ತಿದ್ದದ್ದು ಕೆಳಮನೆಗೆ. ಅಲ್ಲಿ ರಾಜ್ಯಕ್ಕೊಂದು ಓಟು. ಅಲ್ಲಿ ಕೂತಿದ್ದವರಲ್ಲಿ ಒಬ್ಬನೂ ಪೆರೋ ಪಕ್ಷದವನಲ್ಲ, ಯಾಕಂದ್ರೆ ಅವನಿಗೆ ಆಗ ಪಕ್ಷವೇ ಇರಲಿಲ್ಲ.

ನಾನು ಹುಟ್ಟಿ ಬೆಳೆದ ಊರಲ್ಲಿ ‘ಅಧ್ಯಕ್ಷರು’ ಅಂದ್ರೆ ಗ್ರಾಮ ಪಂಚಾಯ್ತಿ ಅಧ್ಯಕ್ಷರು. ಅವರನ್ನೂ ಜನ ನೇರವಾಗಿ ಆರಿಸಲ್ಲ. ಗೆದ್ದ ಸದಸ್ಯರು ತಮ್ಮೊಳಗೆ ಒಬ್ಬರನ್ನು ಆರಿಸಿಕೊಳ್ತಾರೆ. ಅಧ್ಯಕ್ಷರ ಮೇಲೆ ಊರಿಗೆಲ್ಲ ಸಿಟ್ಟಿರಬಹುದು, ಟೀ ಅಂಗಡಿ ಕಟ್ಟೆ ಮೇಲೆ ಕೂತು ದಿನಾ ಬೈತಿರಬಹುದು. ಆದರೆ ನಿಜವಾಗಿ ಇಳಿಸಬೇಕು ಅಂತ ಹೊರಟವನು ಮೊದಲು ಕೇಳೋದು, “ಸದಸ್ಯರು ಎಷ್ಟು ಜನ ನಮ್ ಕಡೆ ಅವ್ರೆ?” ಅಂತ. ಎಸ್ಸೆಸ್ಸೆಲ್ಸಿ ಪಾಸಾಗದ ನಮ್ಮೂರಿನ ಹಿರಿಯರಿಗೆ ಈ ಪ್ರಶ್ನೆ ತಾನಾಗಿಯೇ ಬಾಯಿಗೆ ಬರುತ್ತೆ. ಬಿಇ ಮಾಡಿ, ಕ್ಲೌಡ್ ಸರ್ಟಿಫಿಕೇಟುಗಳನ್ನು ಗೋಡೆಗೆ ಹಾಕ್ಕೊಂಡಿರೋ ನಮಗೆ ಬರಲ್ಲ. ನಾವು ಕೇಳೋದು, “ಕ್ಯಾಂಡಿಡೇಟ್ ಪ್ರೊಫೈಲ್ ಹೇಗಿದೆ?”

“ಅದೆಲ್ಲ ಸರಿ, ಪೆರೋ ಗೆಲ್ಲದಿದ್ದರೂ ಬುಷ್‌ನನ್ನು ಇಳಿಸಿದ್ದು ಅವನೇ ತಾನೇ?” ಅಂತ ಕೇಳುವವರಿದ್ದಾರೆ. ಬುಷ್ ಕಡೆಯವರಲ್ಲೂ ಎಷ್ಟೋ ಜನ ಹೀಗೇ ನಂಬಿದ್ದಾರೆ. ಆದರೆ ಅವತ್ತು ಓಟು ಹಾಕಿ ಹೊರಬಂದ ಪೆರೋ ಬೆಂಬಲಿಗರನ್ನು, ಅವನು ಕಣದಲ್ಲಿ ಇರದಿದ್ದರೆ ಯಾರಿಗೆ ಹಾಕ್ತಿದ್ರಿ ಅಂತ ಕೇಳಿದಾಗ, ಬುಷ್ ಅಂದವರು ಮತ್ತು ಕ್ಲಿಂಟನ್ ಅಂದವರು ಹೆಚ್ಚುಕಡಿಮೆ ಸಮಸಮ ಇದ್ದರು. ಬುಷ್‌ನನ್ನು ಬೀಳಿಸಿದ್ದು ಬುಷ್‌ನ ಕಾಲವೇ. ಕೊಲ್ಲಿ ಯುದ್ಧ ಮುಗಿದ 1991ರ ಆರಂಭದಲ್ಲಿ ಗ್ಯಾಲಪ್ ಪ್ರಕಾರ ಅವನ ಕೆಲಸವನ್ನು ಮೆಚ್ಚಿದವರು ಶೇ. 89. ಮರುವರ್ಷದ ಬೇಸಿಗೆಗೆ ಅದು ಶೇ. 29ಕ್ಕೆ ಇಳಿದಿತ್ತು. ನಡುವೆ ಆರ್ಥಿಕ ಹಿಂಜರಿತದ ಪೆಟ್ಟು ತಟ್ಟಿತು, ಜನ ಕೆಲಸ ಕಳ್ಕೊಂಡರು. ಅದಕ್ಕೂ ಮೊದಲು, ಹೊಸ ತೆರಿಗೆ ಹಾಕಲ್ಲ ಅಂತ 1988ರಲ್ಲಿ ಕೊಟ್ಟ ಮಾತನ್ನು 1990ರಲ್ಲಿ ಮುರಿದು ಸ್ವಂತ ಪಕ್ಷದವರ ಸಿಟ್ಟಿಗೂ ಗುರಿಯಾಗಿದ್ದ. ಪ್ರೈಮರಿಯಲ್ಲೇ ಪ್ಯಾಟ್ ಬುಕಾನನ್ ಅನ್ನುವ ಸ್ವಪಕ್ಷೀಯ ಅವನ ಎದುರು ನಿಂತ. ಮರ ಒಳಗೇ ಟೊಳ್ಳಾಗಿತ್ತು. ಗಾಳಿ ಬೀಸಿದವರು ಇಬ್ಬರು, ಬಿದ್ದ ಮರ ಹೊತ್ತುಕೊಂಡು ಹೋದವನು ಒಬ್ಬ. ಆ ಒಬ್ಬ ಇನ್ನೊಂದು ದೊಡ್ಡ ಪಕ್ಷದವನು.

ಇದೊಂದು ಸಲದ ಮಾತಲ್ಲ. 1900ರಿಂದ ಈಚೆಗೆ ಅಮೆರಿಕದಲ್ಲಿ ಕುರ್ಚಿಯಲ್ಲಿದ್ದುಕೊಂಡೇ ಸಾರ್ವತ್ರಿಕ ಚುನಾವಣೆಯಲ್ಲಿ ಸೋತವರನ್ನು ಎಣಿಸಿ: 1912ರಲ್ಲಿ ಟಾಫ್ಟ್, 1932ರಲ್ಲಿ ಹೂವರ್, 1976ರಲ್ಲಿ ಫೋರ್ಡ್, 1980ರಲ್ಲಿ ಕಾರ್ಟರ್, 1992ರಲ್ಲಿ ಬುಷ್, 2020ರಲ್ಲಿ ಟ್ರಂಪ್. ಆರು ಜನ. ಆರೂ ಸಲ ಗೆದ್ದು ಬಂದವನು ಎದುರಿನ ದೊಡ್ಡ ಪಕ್ಷದ ಅಭ್ಯರ್ಥಿಯೇ. 1912ರಲ್ಲಂತೂ ಹೊರಗೆ ನಿಂತವನು ಸಾಮಾನ್ಯ ಆಸಾಮಿಯಲ್ಲ, ಏಳು ವರ್ಷ ಆ ಕುರ್ಚಿಯಲ್ಲೇ ಕೂತಿದ್ದ ಥಿಯೊಡೋರ್ ರೂಸ್‌ವೆಲ್ಟ್. ರಿಪಬ್ಲಿಕನ್ ಪಕ್ಷ ಟಿಕೆಟ್ ಕೊಡಲಿಲ್ಲ ಅಂತ ಸ್ವಂತ ಪಕ್ಷ ಕಟ್ಟಿ, ಶೇ. 27 ಓಟು ತಗೊಂಡು, ಹಾಲಿ ಅಧ್ಯಕ್ಷ ಟಾಫ್ಟ್‌ನನ್ನು ಮೂರನೇ ಸ್ಥಾನಕ್ಕೆ ತಳ್ಳಿದ. ಗೆದ್ದವನು ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್, ಶೇ. 42ರ ಆಸುಪಾಸಿನ ಓಟಿಗೆ 435 ಎಲೆಕ್ಟೋರಲ್ ಓಟು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನೋ ಗಾದೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಹಾಗಾದ್ರೆ ಹೊರಗಿನವನು ಹಾಲಿ ಅಧ್ಯಕ್ಷನನ್ನು ಇಳಿಸಿದ್ದು ಅಮೆರಿಕದಲ್ಲಿ ಇಲ್ಲವೇ ಇಲ್ವಾ? ಇದೆ. ಅದು ಜಿಮ್ಮಿ ಕಾರ್ಟರ್. ಜಾರ್ಜಿಯಾದ ಪ್ಲೇನ್ಸ್ ಅನ್ನುವ ಸಣ್ಣ ಊರಿನ ಕಡಲೆಕಾಯಿ ಬೆಳೆಗಾರ. ಒಂದು ಅವಧಿಗೆ ಗವರ್ನರ್ ಆಗಿದ್ದು ಬಿಟ್ಟರೆ ವಾಷಿಂಗ್ಟನ್ನಿನಲ್ಲಿ ಅವನಿಗೆ ಗುರುತೂ ಇಲ್ಲ, ಪರಿಚಯವೂ ಇಲ್ಲ. ವಾಟರ್‌ಗೇಟ್ ಹಗರಣದಿಂದ ಬೇಸತ್ತಿದ್ದ ಜನರಿಗೆ ಅದೇ ಅವನ ಅರ್ಹತೆಯಾಗಿ ಕಂಡಿತು. ನಮ್ಮ ಕ್ಯಾಂಟೀನ್ ಪಂಡಿತರು ಕತೆಯನ್ನು ಇಲ್ಲಿಗೇ ನಿಲ್ಲಿಸ್ತಾರೆ. ಮುಂದೆ ಕೇಳಿ.

ಮೊದಲನೆಯದು, ಕಾರ್ಟರ್ ಸ್ವತಂತ್ರವಾಗಿ ನಿಲ್ಲಲಿಲ್ಲ. ಡೆಮಾಕ್ರಟಿಕ್ ಪಕ್ಷದ ಬಾಗಿಲನ್ನೇ ತಟ್ಟಿದ. ಎರಡನೆಯದು, ಆ ಬಾಗಿಲು ಅಷ್ಟರಲ್ಲಿ ಅಗಲವಾಗಿತ್ತು. 1968ರ ಶಿಕಾಗೋ ಅಧಿವೇಶನದ ಗಲಾಟೆ ಆದಮೇಲೆ ಆ ಪಕ್ಷ ತನ್ನ ನಿಯಮ ಬದಲಿಸಿಕೊಂಡಿತ್ತು. ಪಕ್ಷದ ಯಜಮಾನರು ಕೋಣೆಯಲ್ಲಿ ಕೂತು ಅಭ್ಯರ್ಥಿ ಆರಿಸುವ ಬದಲು, ಸಾಮಾನ್ಯ ಸದಸ್ಯರೇ ಪ್ರೈಮರಿ ಮತ್ತು ಕಾಕಸ್‌ಗಳಲ್ಲಿ ಆರಿಸುವ ಪದ್ಧತಿ ಬಲವಾಗಿತ್ತು. ಆ ಹೊಸ ನಿಯಮಾವಳಿಯನ್ನು ಉಳಿದವರಿಗಿಂತ ಮೊದಲು ಓದಿಕೊಂಡವನು ಕಾರ್ಟರ್. ಅಯೋವಾ ಅನ್ನುವ ಜೋಳದ ಹೊಲಗಳ ರಾಜ್ಯದಲ್ಲಿ ಮನೆಮನೆ ಸುತ್ತಿದ. 1976ರ ಜನವರಿಯ ಅಯೋವಾ ಕಾಕಸ್‌ನಲ್ಲಿ ಅತಿ ಹೆಚ್ಚು ಬಂದದ್ದು ‘ಇನ್ನೂ ಯಾರಿಗೂ ಬದ್ಧರಲ್ಲ’ ಅಂದವರ ಗುಂಪಿಗೆ. ಅಭ್ಯರ್ಥಿಗಳ ಪೈಕಿ ಮೊದಲು ಬಂದವನು ಕಾರ್ಟರ್. ಅಷ್ಟು ಸಾಕಾಯ್ತು, ಪತ್ರಿಕೆಗಳೆಲ್ಲ ಅವನ ಕಡೆ ತಿರುಗಿದವು.

ಮೂರನೆಯದು, ಎದುರಿಗಿದ್ದ ಜೆರಾಲ್ಡ್ ಫೋರ್ಡ್ ಎಂಥ ಅಧ್ಯಕ್ಷ? ಅಧ್ಯಕ್ಷನಾಗಿ ಇರಲಿ, ಉಪಾಧ್ಯಕ್ಷನಾಗಿಯೂ ಚುನಾವಣೆಯಲ್ಲಿ ಗೆದ್ದು ಬಂದವನಲ್ಲ. ರಾಜೀನಾಮೆಗಳ ಸರಮಾಲೆಯಲ್ಲಿ ಮೇಲೇರಿದವನು. ಬಂದ ಒಂದೇ ತಿಂಗಳಲ್ಲಿ ನಿಕ್ಸನ್‌ಗೆ ಕ್ಷಮಾದಾನ ಕೊಟ್ಟು ಹೆಸರು ಕೆಡಿಸಿಕೊಂಡಿದ್ದ. ಸ್ವಂತ ಪಕ್ಷದೊಳಗೇ ರೊನಾಲ್ಡ್ ರೇಗನ್ ಅವನನ್ನು ಕೂದಲೆಳೆಯಷ್ಟು ಅಂತರದವರೆಗೆ ಅಟ್ಟಿಸಿಕೊಂಡು ಬಂದಿದ್ದ. ಇಷ್ಟೆಲ್ಲ ಆಗಿಯೂ ಕಾರ್ಟರ್‌ಗೆ ಸಿಕ್ಕಿದ್ದು ಶೇ. 50.1, ಎಲೆಕ್ಟೋರಲ್ ಓಟು 297ಕ್ಕೆ 240. ಅಷ್ಟೊಂದು ಗಾಯಗೊಂಡ ಅಧ್ಯಕ್ಷನೂ ಹತ್ತಿರಹತ್ತಿರ ಗೆದ್ದೇಬಿಟ್ಟಿದ್ದ! ಕುರ್ಚಿಗೆ ಇರುವ ಬಲ ಅಂಥದ್ದು.

ಗೆದ್ದ ಮೇಲಿನ ಕತೆ ಇನ್ನೂ ಪಾಠ ಕಲಿಸುವಂಥದ್ದು. ಸಂಸತ್ತಿನ ಎರಡೂ ಮನೆಗಳಲ್ಲಿ ಅವನದೇ ಪಕ್ಷದ ಬಹುಮತ ಇದ್ದರೂ ಕಾರ್ಟರ್‌ಗೂ ಅವರಿಗೂ ಹೊಂದಿಕೆ ಆಗಲಿಲ್ಲ. ಹೊರಗಿನವನು ಅಂತ ಹೇಳಿಕೊಂಡು ಬಂದವನಿಗೆ ಒಳಗೆ ನೆಂಟರು ಎಲ್ಲಿಂದ ಸಿಗ್ತಾರೆ? ಹಣದುಬ್ಬರ ಏರಿತು, ಇರಾನಿನಲ್ಲಿ ರಾಯಭಾರ ಕಚೇರಿಯವರು ಒತ್ತೆಯಾಳುಗಳಾದರು, ಪಕ್ಷದೊಳಗಿಂದಲೇ ಟೆಡ್ ಕೆನಡಿ ಎದುರು ಬಂದ. 1980ರಲ್ಲಿ ರೇಗನ್ ಎದುರು ಕಾರ್ಟರ್ ಸೋತದ್ದು 489ಕ್ಕೆ 49ರಲ್ಲಿ. ಅದೇ ವರ್ಷ ಜಾನ್ ಆಂಡರ್ಸನ್ ಅನ್ನುವ ಸ್ವತಂತ್ರ ಅಭ್ಯರ್ಥಿಯೂ ಇದ್ದ. ಶೇ. 6.6 ಓಟು, ಎಲೆಕ್ಟೋರಲ್ ಲೆಕ್ಕದಲ್ಲಿ ಅವನಿಗೂ ಸೊನ್ನೆ.

ಈಗ ನನ್ನ ವಾದಕ್ಕೆ ಬರಬಹುದಾದ ಬಲವಾದ ಆಕ್ಷೇಪ: ಯುಕ್ರೇನ್. ವೊಲೊದಿಮಿರ್ ಝೆಲೆನ್‌ಸ್ಕಿ ಹಾಸ್ಯನಟ. ಟಿವಿ ಧಾರಾವಾಹಿಯೊಂದರಲ್ಲಿ, ಆಕಸ್ಮಿಕವಾಗಿ ಅಧ್ಯಕ್ಷನಾಗುವ ಇತಿಹಾಸ ಮೇಷ್ಟರ ಪಾತ್ರ ಮಾಡ್ತಿದ್ದವನು. 2019ರಲ್ಲಿ ನಿಜವಾಗಿ ನಿಂತು, ಹಾಲಿ ಅಧ್ಯಕ್ಷ ಪೊರೊಶೆಂಕೊನನ್ನು ಶೇ. 73ರಷ್ಟು ಓಟು ಪಡೆದು ಮನೆಗೆ ಕಳಿಸಿದ. ಇದಕ್ಕಿಂತ ಹೊರಗಿನವನು ಬೇಕಾ ಅಂತ ಕೇಳಬಹುದು.

ಒಪ್ತೀನಿ, ಆದರೆ ಎಣಿಕೆ ನೋಡಿ. ಅಲ್ಲಿ ಎರಡು ಸುತ್ತು. ಮಾರ್ಚ್ 31ರ ಮೊದಲ ಸುತ್ತಿನ ಬ್ಯಾಲೆಟ್ಟಿನಲ್ಲಿ 39 ಹೆಸರು. ಝೆಲೆನ್‌ಸ್ಕಿಗೆ ಬಂದದ್ದು ಶೇ. 30, ಪೊರೊಶೆಂಕೊಗೆ ಶೇ. 16. ಮೂರು ವಾರದ ನಂತರದ ಎರಡನೇ ಸುತ್ತಿನಲ್ಲಿ ಇಬ್ಬರೇ. ಪೊರೊಶೆಂಕೊ ಬೇಡ ಅನ್ನುವವರೆಲ್ಲ ಒಂದು ಕಡೆ ಸೇರಲು ನಿಯಮವೇ ದಾರಿ ಮಾಡಿಕೊಟ್ಟಿತು. ಪೆರೋಗೆ ಎರಡನೇ ಸುತ್ತು ಇದ್ದಿದ್ದರೂ ನವೆಂಬರಿನ ಲೆಕ್ಕದಲ್ಲಿ ಮೂರನೆಯವನಾಗಿ ಹೊರಗೇ ಬೀಳ್ತಿದ್ದ, ಅದು ನಿಜ. ಆದರೆ ಎರಡು ಸುತ್ತು ಇರುವ ಕಡೆ ಮೊದಲ ಸುತ್ತಿನಲ್ಲಿ ಹೊಸಬನಿಗೆ ಹಾಕಿದ ಓಟು ದಂಡ ಆಗುತ್ತೇನೋ ಅನ್ನುವ ಭಯ ಕಡಿಮೆ. ಅಮೆರಿಕದ ಮತದಾರನನ್ನು ಕೊನೇ ಗಳಿಗೆಯಲ್ಲಿ ಹಿಂದಕ್ಕೆ ಎಳೆಯೋದೇ ಆ ಭಯ.

ಇನ್ನು ‘ಹೊರಗಿನವ’ ಅನ್ನೋ ಮಾತು. ಝೆಲೆನ್‌ಸ್ಕಿಯ ಧಾರಾವಾಹಿ ಬರ್ತಿದ್ದ ಚಾನೆಲ್ಲು ದೇಶದ ಅತಿ ಶ್ರೀಮಂತರಲ್ಲೊಬ್ಬನಾದ, ಪೊರೊಶೆಂಕೊ ಜೊತೆ ಮುನಿಸಿಕೊಂಡಿದ್ದ ಕೊಲೊಮೊಯಿಸ್ಕಿಯದು. ಪೆರೋನ ಇಡಿಎಸ್ ಕೂಡ ಕೊಬ್ಬಿದ್ದು ಮೆಡಿಕೇರ್, ಮೆಡಿಕೇಯ್ಡ್ ಅನ್ನುವ ಸರ್ಕಾರಿ ಆರೋಗ್ಯ ಯೋಜನೆಗಳ ಕ್ಲೇಮು ನೋಡಿಕೊಳ್ಳುವ ಗುತ್ತಿಗೆಗಳಿಂದ. ಪೂರ್ತಿ ಹೊರಗಿನವನು ಅನ್ನುವವನನ್ನು ಸ್ವಲ್ಪ ಕೆರೆದು ನೋಡಿದರೆ ಒಳಗಿನ ಬಣ್ಣ ಕಾಣದೇ ಇರಲ್ಲ. ಅದರಲ್ಲೇನೂ ತಪ್ಪಿಲ್ಲ. ತಪ್ಪಿರೋದು ಆ ಬಣ್ಣ ಇಲ್ಲವೇ ಇಲ್ಲ ಅಂತ ನಂಬುವ ನಮ್ಮಲ್ಲಿ. ಮತ್ತೊಂದು ಮುಖ್ಯ ಸಂಗತಿ: ಗೆದ್ದ ಕೂಡಲೇ ಝೆಲೆನ್‌ಸ್ಕಿ ಮಾಡಿದ ಕೆಲಸ ಸಂಸತ್ತನ್ನು ವಿಸರ್ಜಿಸಿದ್ದು. ಜುಲೈನಲ್ಲಿ ಚುನಾವಣೆ ಆಗಿ ಅವನ ಪಕ್ಷಕ್ಕೆ ಬಹುಮತ ಬಂತು. ಅಂದ್ರೆ ಹೊರಗಿನವನು ತಡಮಾಡದೆ ಒಳಗೊಂದು ಮನೆ ಕಟ್ಟಿಕೊಂಡ.

ಎರಡು ಸುತ್ತಿನ ಅನುಕೂಲ ಇಲ್ಲದ ಕಡೆ ಏನು ಮಾಡಬೇಕು? ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಅದಕ್ಕೆ ಉತ್ತರ ಕೊಟ್ಟಿದೆ. ಆ ಪುಟ್ಟ ದೇಶದಲ್ಲಿ ಓಟು ಹಾಕೋದು ಕಾಗದದಲ್ಲಿ ಅಲ್ಲ, ಗೋಲಿಯಲ್ಲಿ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಡ್ರಮ್ಮು. ಮೇಲಿನ ತೂತಿಗೆ ಗಾಜಿನ ಗೋಲಿ ಹಾಕಿದರೆ ಒಳಗಿನ ಗಂಟೆ ಒಂದು ಸಲ ‘ಟಣ್’ ಅನ್ನುತ್ತೆ. ಎರಡು ಸಲ ಕೇಳಿಸಿತೋ, ಯಾರೋ ಮೋಸ ಮಾಡಿದರು ಅಂತ ಗೊತ್ತಾಗುತ್ತೆ. ಇಷ್ಟು ಅಚ್ಚುಕಟ್ಟಾದ ವ್ಯಾಲಿಡೇಶನ್ನನ್ನು ನಾವು ಎಷ್ಟು ಸಲ ಬರೆದಿದ್ದೀವಿ ಹೇಳಿ!

ಅಲ್ಲಿ ಯಾಹ್ಯಾ ಜಾಮೆ ಅನ್ನುವ ಸೇನಾಧಿಕಾರಿ 1994ರಲ್ಲಿ ಕ್ಷಿಪ್ರಕ್ರಾಂತಿ ಮಾಡಿ ಕುರ್ಚಿ ಹಿಡಿದವನು 22 ವರ್ಷ ಬಿಡಲಿಲ್ಲ. ವಿರೋಧ ಪಕ್ಷಗಳು ಹರಿದು ಹಂಚಿಹೋಗಿದ್ದರಿಂದ ಚುನಾವಣೆ ಮೇಲೆ ಚುನಾವಣೆ ಗೆದ್ದ. 2016ರಲ್ಲಿ ಮುಖ್ಯ ವಿರೋಧ ಪಕ್ಷದ ನಾಯಕನನ್ನು ಜೈಲಿಗೆ ಹಾಕಿಸಿದ. ಆಗ ಏಳು ಪಕ್ಷಗಳು ಕೂಡಿ ಒಬ್ಬನನ್ನು ಮುಂದೆ ಮಾಡಿದವು. ಅವನೇ ಆಡಾಮಾ ಬಾರೊ. ರಿಯಲ್ ಎಸ್ಟೇಟ್ ವ್ಯಾಪಾರಿ. ಹಿಂದೆ ಲಂಡನ್ನಿನ ಅಂಗಡಿಯೊಂದರಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದವನು. ಯಾವತ್ತೂ ಅಧಿಕಾರದಲ್ಲಿ ಕೂತವನಲ್ಲ. ಡಿಸೆಂಬರ್ 1ರ ಚುನಾವಣೆಯಲ್ಲಿ ಬಾರೊಗೆ ಶೇ. 43, ಜಾಮೆಗೆ ಶೇ. 40ರ ಹತ್ತಿರ, ಕೂಟಕ್ಕೆ ಸೇರದೆ ಬೇರೆ ನಿಂತ ಮಾಮಾ ಕಾಂಡೆಗೆ ಶೇ. 17. ಅಂತರ ಎಷ್ಟು ಸಣ್ಣದು ನೋಡಿ. ಕೂಟದಿಂದ ಇನ್ನೊಂದೆರಡು ಪಕ್ಷ ಜಾರಿಕೊಂಡಿದ್ದರೆ ಜಾಮೆ ಇನ್ನೂ ಐದು ವರ್ಷ ಕೂರ್ತಿದ್ದ.

ಗೆದ್ದ ಮೇಲೂ ಸುಲಭ ಆಗಲಿಲ್ಲ. ಮೊದಲು ಸೋಲೊಪ್ಪಿಕೊಂಡ ಜಾಮೆ ಒಂದು ವಾರ ಬಿಟ್ಟು ಉಲ್ಟಾ ಹೊಡೆದ. 2017ರ ಜನವರಿ 19ರಂದು ಬಾರೊ ಪ್ರಮಾಣವಚನ ಸ್ವೀಕರಿಸಿದ್ದು ಪಕ್ಕದ ದೇಶ ಸೆನೆಗಲ್‌ನ ಡಕಾರ್‌ನಲ್ಲಿ, ಗ್ಯಾಂಬಿಯಾದ ರಾಯಭಾರ ಕಚೇರಿಯಲ್ಲಿ. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟದ ಸೈನ್ಯ ಗಡಿ ದಾಟಿದ ಮೇಲಷ್ಟೇ ಜಾಮೆ ಗಂಟುಮೂಟೆ ಕಟ್ಟಿದ್ದು. ಹೊರಗಿನವನೊಬ್ಬ ಕುರ್ಚಿ ಏರಲು ಏಳು ಪಕ್ಷಗಳ ಸ್ವಾರ್ಥತ್ಯಾಗ, ನೆರೆಹೊರೆಯ ಸೈನ್ಯ, ಲಕ್ಷಾಂತರ ಗೋಲಿ ಎಲ್ಲ ಬೇಕಾದವು. ‘ಒಬ್ಬನೇ ವೀರ’ ಅನ್ನುವ ಕತೆ ಇದರಲ್ಲಿ ಎಲ್ಲಿದೆ?

ಇಷ್ಟು ಸಾಕ್ಷಿ ಇದ್ದರೂ ನಮಗೆ ಹೊರಗಿನವನ ಮೇಲೆ ಯಾಕಿಷ್ಟು ಮೋಹ? ನನಗನ್ನಿಸೋದು, ಅದು ನಮ್ಮನ್ನು ಕೆಲಸದಿಂದ ಪಾರುಮಾಡುತ್ತೆ. ಸಿಸ್ಟಮ್ ಹ್ಯಾಂಗ್ ಆಯ್ತಾ, ರೀಬೂಟ್ ಮಾಡಿ. ಯಾರೋ ಒಬ್ಬ ಬಂದು ಬಟನ್ ಒತ್ತುತ್ತಾನೆ. ಅಲ್ಲಿವರೆಗೆ ನಾವು ವಾರಾಂತ್ಯಕ್ಕೆ ಸಕಲೇಶಪುರದ ಹೋಮ್‌ಸ್ಟೇ ಬುಕ್ ಮಾಡಿಕೊಂಡು ಆರಾಮಾಗಿರಬಹುದು. ಪಕ್ಷದ ಸಭೆಗೆ ಹೋದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಗಂಟೆ ಕೂರಬೇಕು, ನಮಗಿಂತ ಕಡಿಮೆ ಓದಿದವರ ಮಾತು ಕೇಳಬೇಕು, ನಮ್ಮ ಐಡಿಯಾ ಬಿದ್ದುಹೋದರೆ ಸಹಿಸಿಕೊಳ್ಳಬೇಕು. ಅದು ಯಾರಿಗೆ ಬೇಕು? ನನ್ನ ಚಿಕ್ಕಪ್ಪನ ಮಗನೊಬ್ಬ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿನ ಪೌರತ್ವವೂ ಬಂದಾಗಿದೆ. ಫೋನ್ ಮಾಡಿದಾಗಲೆಲ್ಲ “ಎರಡು ಪಾರ್ಟೀನೂ ಸರಿ ಇಲ್ಲ ಕಣೋ” ಅಂತಾನೆ. ಅಲ್ಲಿ ಯಾವ ಮತದಾರ ಬೇಕಾದರೂ ಎರಡರಲ್ಲಿ ಒಂದು ಪಕ್ಷದ ಪ್ರೈಮರಿ ಆರಿಸಿಕೊಂಡು ಓಟು ಹಾಕಬಹುದು. ಬಾಗಿಲು ತೆರೆದೇ ಇದೆ. ಒಂದು ಸಲವಾದರೂ ಹೋಗಿದ್ದೀಯೇನೋ ಅಂತ ಕೇಳಿದೆ. “ಅಷ್ಟೆಲ್ಲ ಟೈಮ್ ಎಲ್ಲಿದೆ ಮಾರಾಯ” ಅಂದ. ಇಂಥವನಿಗೆ ನವೆಂಬರಿನಲ್ಲಿ ಒಳ್ಳೆ ಆಯ್ಕೆ ಬೇಕಂತೆ!

ನಮ್ಮಲ್ಲೂ ಅಷ್ಟೇ. ಏರ್ ಡೆಕ್ಕನ್ ಕಟ್ಟಿ ಸಾಮಾನ್ಯರನ್ನು ವಿಮಾನ ಹತ್ತಿಸಿದ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತರು. ನಮ್ಮಂಥವರು ಬಯಸುವ ಪ್ರೊಫೈಲ್ ಪೂರ್ತಿ ಅವರಲ್ಲಿತ್ತು. ಗೆದ್ದದ್ದು ಆ ಕ್ಷೇತ್ರವನ್ನು ಸತತವಾಗಿ ಗೆಲ್ಲುತ್ತಾ ಬಂದಿದ್ದ ಅನಂತಕುಮಾರ್. ಬೂತು ಬೂತಿಗೂ ಜನ ಇಟ್ಟುಕೊಂಡವರ ಎದುರು ಬರೀ ಒಳ್ಳೆಯ ಹೆಸರು ಎಷ್ಟು ದೂರ ಓಡುತ್ತೆ?

ಹೊರಗಿನವರಿಂದ ಏನೂ ಉಪಯೋಗ ಇಲ್ಲ ಅಂತ ನಾನು ಹೇಳ್ತಿಲ್ಲ. ಪೆರೋ ಚಾರ್ಟು ಹಿಡಿದು ಕೂಗಿದ ಸಾಲದ ವಿಷಯವನ್ನು ಎರಡೂ ಪಕ್ಷಗಳು ಎತ್ತಿಕೊಂಡವು. 1994ರಲ್ಲಿ ರಿಪಬ್ಲಿಕನ್ನರು ಬಜೆಟ್ ಸರಿದೂಗಿಸ್ತೀವಿ ಅಂತ ಪ್ರಚಾರ ಮಾಡಿ, 40 ವರ್ಷಗಳಲ್ಲಿ ಮೊದಲ ಸಲ ಕೆಳಮನೆ ಗೆದ್ದರು. 1998ರಲ್ಲಿ ಅಮೆರಿಕದ ಬಜೆಟ್ಟು 1969ರ ನಂತರ ಮೊದಲ ಬಾರಿಗೆ ಮಿಗತೆ ಕಂಡಿತು. ಅದರ ಶ್ರೇಯ ಪೆರೋ ಒಬ್ಬನದಲ್ಲ. ಬುಷ್ ಮತ್ತು ಕ್ಲಿಂಟನ್ ಕಾಲದ ತೆರಿಗೆಗಳದ್ದೂ ಹೌದು, ತೊಂಬತ್ತರ ದಶಕದ ಆರ್ಥಿಕ ಏರಿಕೆಯದ್ದೂ ಹೌದು. ಆದರೆ ವಿಷಯವನ್ನು ಮನೆಮನೆಗೆ ಮುಟ್ಟಿಸಿದವನು ಆತ. ಅವನ ಪ್ರಶ್ನೆ ಒಳಗೆ ಹೋಯಿತು, ಅವನು ಹೊರಗೇ ಉಳಿದ. 1996ರಲ್ಲಿ ಮತ್ತೆ ನಿಂತಾಗ ಡಿಬೇಟಿಗೂ ಕರೆಯಲಿಲ್ಲ. ಓಟು ಶೇ. 8.4ಕ್ಕೆ ಇಳಿಯಿತು.

ಎರಡು ದಶಕ ಕಳೆದು ಡೊನಾಲ್ಡ್ ಟ್ರಂಪ್ ಅನ್ನುವ ಇನ್ನೊಬ್ಬ ವ್ಯಾಪಾರಿ ಬಂದಾಗ ಪೆರೋನ ದಾರಿ ಹಿಡಿಯಲಿಲ್ಲ, ಕಾರ್ಟರ್‌ನ ದಾರಿ ಹಿಡಿದ. ಹೊಸ ಅಂಗಡಿ ತೆರೆಯಲಿಲ್ಲ, ಪ್ರೈಮರಿಗೆ ನುಗ್ಗಿ ಹಳೇ ಅಂಗಡಿಯನ್ನೇ ಕೈಗೆ ತಗೊಂಡ. ಅವನ ರಾಜಕೀಯ ನಿಮಗೆ ಹಿಡಿಸದಿರಬಹುದು, ನನಗಂತೂ ಹಿಡಿಸಲ್ಲ. ಆದರೆ ಬಾಗಿಲು ಎಲ್ಲಿದೆ ಅನ್ನೋದು ಅವನಿಗೆ ಗೊತ್ತಿತ್ತು. ನಮಗೆ ಹಿಡಿಸದವರಿಗೆ ಬಾಗಿಲು ಗೊತ್ತಿದ್ದು, ನಮಗೆ ಗೊತ್ತಿಲ್ಲದಿದ್ದರೆ ಏನಾಗುತ್ತೆ? ಮನೆ ಅವರದ್ದಾಗುತ್ತೆ. ಈ ಇಡೀ ವಿಷಯದಲ್ಲಿ ನಾನು ಹೆದರೋದು ಅದಕ್ಕೇ.

ಅದಕ್ಕೇ ಮುಂದಿನ ಸಲ ಯಾರಾದರೂ ಹೊಸಬನ ವಿಡಿಯೋ ಕಳಿಸಿ “ಇವನು ಬಂದ್ರೆ ಎಲ್ಲ ಚೇಂಜ್ ಆಗುತ್ತೆ ಮಗಾ” ಅಂದರೆ, ಅವನು ಎಷ್ಟು ಓದಿದ್ದಾನೆ, ಎಷ್ಟು ಕಂಪನಿ ಕಟ್ಟಿದ್ದಾನೆ ಅಂತ ಕೇಳಬೇಡಿ. ಯಾವ ಬಾಗಿಲಿಂದ ಒಳಗೆ ಬರ್ತಾನೆ, ಬಂದ ಮೇಲೆ ಅವನ ಜೊತೆ ಒಳಗೆ ಯಾರಿರ್ತಾರೆ, ಓಟು ಎಣಿಸುವ ನಿಯಮ ಏನು ಅಂತ ಕೇಳಿ. ಉತ್ತರ ಇದ್ದರೆ ರಜೆ ಹಾಕಿ ಅವನ ಕೆಲಸಕ್ಕೆ ಹೋಗಿ, ನಿಮ್ಮ ಬೀದಿಯ ಮತದಾರರ ಪಟ್ಟಿ ಹಿಡ್ಕೊಂಡು ನಾಲ್ಕು ಮನೆ ಬಾಗಿಲು ತಟ್ಟಿ. ಉತ್ತರ ಇಲ್ಲದಿದ್ದರೆ ಆ ವಿಡಿಯೋ ಫಾರ್ವರ್ಡ್ ಮಾಡಬೇಡಿ.